ಕಂಪನಿಯವರು ಯಾವ ಕ್ಯಾಂಪಸ್ಸಿಗೆ ಹೋಗುತ್ತಾರೆ?

ಪ್ರಶ್ನೆ: ನನಗೆ 27 ವರ್ಷ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ, ಸಪ್ಲೈ ಚೈನ್ (ಸರಕು ಪೂರೈಕೆ ನಿರ್ವಹಣೆ) ಕ್ಷೇತ್ರಕ್ಕೆ ಹೋಗುವ ಆಸೆ. ಎಂಬಿಎಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಸಂಸ್ಥೆ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿದೆ. ಇನ್ನೊಂದು ಬಹಳ ಕೆಳಗಿದೆ, ಆದರೆ ಸಪ್ಲೈ ಚೈನ್‌ಗೆ ಅದೇ ಒಳ್ಳೆಯದು ಎನ್ನುತ್ತಾರೆ. ಕೆಲಸ ಕೊಡುವವರು ನಿಜಕ್ಕೂ ಕಾಲೇಜಿನ ಹೆಸರು ನೋಡುತ್ತಾರೆಯೇ?

ಉತ್ತರ: ನೋಡುತ್ತಾರೆ. ಹನ್ನೊಂದು ವರ್ಷ ನೇಮಕಾತಿ ಸಮಿತಿಯಲ್ಲಿ ಕೂತವಳಾಗಿ ಹೇಳುತ್ತಿದ್ದೇನೆ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ನೋಡುವುದಿಲ್ಲ.

ಪ್ರತಿ ವರ್ಷ ನೇಮಕಾತಿ ಸೀಸನ್ ಶುರುವಾಗುವ ಮೊದಲು ನಾವು ಎಂಟು ಕ್ಯಾಂಪಸ್‌ಗಳ ಪಟ್ಟಿ ಮಾಡುತ್ತಿದ್ದೆವು. ಒಂದೊಂದು ಕ್ಯಾಂಪಸ್ಸಿಗೂ ಮೂವರು ಹಿರಿಯ ಮ್ಯಾನೇಜರ್‌ಗಳು ಕೆಲಸ ಬಿಟ್ಟು ಹೋಗಬೇಕು, ಹಾಗಾಗಿ ಒಂಬತ್ತನೆಯದಕ್ಕೆ ಜಾಗವಿರುತ್ತಿರಲಿಲ್ಲ. ಪಟ್ಟಿ ಮಾಡುವಾಗ ಯಾರೂ ಪತ್ರಿಕೆಯ ರ‍್ಯಾಂಕಿಂಗ್ ತೆರೆದದ್ದು ನನಗೆ ನೆನಪಿಲ್ಲ. ‘ಅಲ್ಲಿಂದ ತೆಗೆದುಕೊಂಡವರು ಹೇಗಿದ್ದಾರೆ? ಎಷ್ಟು ಜನ ಉಳಿದಿದ್ದಾರೆ?’ ಎಂಬುದೇ ಮಾತು. ಒಂದು ಹೆಸರಾಂತ ಸಂಸ್ಥೆಯಿಂದ ಬಂದ ನಾಲ್ವರೂ ವರ್ಷದೊಳಗೆ ಬಿಟ್ಟುಹೋದರು. ಮರುವರ್ಷ ನಾವು ಅಲ್ಲಿಗೆ ಹೋಗಲಿಲ್ಲ.

ಪಟ್ಟಿಯಲ್ಲಿಲ್ಲದ ಕಾಲೇಜಿನವರು ವೆಬ್‌ಸೈಟ್ ಮೂಲಕ ಅರ್ಜಿ ಹಾಕುತ್ತಿದ್ದರು. ಅವನ್ನು ಓದುತ್ತಿದ್ದೆವು, ಅವಸರದಲ್ಲಿ. ಒಬ್ಬ ಹುಡುಗ ಇಂಟರ್ನ್‌ಶಿಪ್‌ನಲ್ಲಿ ಗೋದಾಮಿನ ಸ್ಟಾಕ್ ಲೆಕ್ಕ ಏಕೆ ತಾಳೆಯಾಗುತ್ತಿಲ್ಲ ಎಂದು ಕಂಡುಹಿಡಿದದ್ದನ್ನು ಅರ್ಧ ಪುಟದಲ್ಲಿ ಬರೆದಿದ್ದ. ವಾಪಸ್ ಬಂದ ಸರಕನ್ನು ಎರಡು ಸಲ ಎಣಿಸುತ್ತಿದ್ದರಂತೆ. ಅವನನ್ನು ತೆಗೆದುಕೊಂಡೆವು, ಎರಡು ವರ್ಷದ ನಂತರ ಅವನ ಕಾಲೇಜು ನಮ್ಮ ಪಟ್ಟಿಗೆ ಬಂತು. ಆದರೆ ಆ ಅರ್ಜಿ ಮೂರು ವಾರ ಯಾರೂ ತೆರೆಯದೆ ಬಿದ್ದಿತ್ತು. ಅಂಥವು ಇನ್ನೆಷ್ಟು ಕೈತಪ್ಪಿದವೋ ಎಂದು ಇಂದಿಗೂ ಸಂಕಟವಾಗುತ್ತದೆ.

ಹೆಸರಿಗೆ ಇಷ್ಟು ಬೆಲೆ ಏಕೆ? ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಇದನ್ನು ವಿವರಿಸಿದರು. 2001ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಅಭ್ಯರ್ಥಿಯ ಸಾಮರ್ಥ್ಯ ಮಾಲೀಕನಿಗೆ ಮೊದಲೇ ಕಾಣುವುದಿಲ್ಲ. ಹಾಗಾಗಿ ಸುಲಭಕ್ಕೆ ಸಿಗದ ಪದವಿಯನ್ನೇ ಸಾಮರ್ಥ್ಯದ ಸೂಚನೆ ಎಂದು ಓದುತ್ತಾನೆ. ಕಠಿಣ ಪ್ರವೇಶವಿರುವ ಸಂಸ್ಥೆ ಒಮ್ಮೆ ಜರಡಿ ಹಿಡಿದಿರುತ್ತದೆ; ನಮ್ಮ ಅರ್ಧ ಕೆಲಸ ಅಲ್ಲೇ ಮುಗಿದಂತೆ. ಅಲ್ಲಿ ಎರಡು ವರ್ಷ ಏನು ಕಲಿಸಿದರು ಎಂದು ನಾವು ಕೇಳಿದ್ದು ಬಹಳ ಕಡಿಮೆ.

ಇನ್ನು ರ‍್ಯಾಂಕಿಂಗ್. ಬ್ರಿಟನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಎಂಬಿಎ ಪಟ್ಟಿಯಲ್ಲಿ ಪದವಿ ಪಡೆದು ಮೂರು ವರ್ಷವಾದವರ ಸಂಬಳಕ್ಕೆ ಹೆಚ್ಚು ತೂಕ. ಕನ್ಸಲ್ಟಿಂಗ್, ಫೈನಾನ್ಸ್‌ಗೆ ಹೋಗುವವರೇ ತುಂಬಿದ ಕಡೆ ಆ ಅಂಕ ಏರುತ್ತದೆ. ಸಪ್ಲೈ ಚೈನ್ ಬೇಕಾದ ನಿಮಗೆ ಅದರಿಂದ ಏನು ತಿಳಿಯಿತು? ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಬಿಎ ಅಮೆರಿಕದ ಒಟ್ಟಾರೆ ಪಟ್ಟಿಗಳ ತುದಿಯಲ್ಲಿಲ್ಲ, ಸಪ್ಲೈ ಚೈನ್ ಎಂದರೆ ಮಾತ್ರ ನೇಮಕ ಮಾಡುವವರು ಮೊದಲು ನೆನೆಯುವ ಹೆಸರುಗಳಲ್ಲಿ ಅದೊಂದು. ಪಟ್ಟಿಗೆ ಕೊಡುವ ಮಾಹಿತಿಯೂ ಯಾವಾಗಲೂ ಸಾಚಾ ಅಲ್ಲ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನ ಮಾಜಿ ಡೀನ್‌ರನ್ನು, ರ‍್ಯಾಂಕಿಂಗ್‌ಗಾಗಿ ಸುಳ್ಳು ಅಂಕಿಅಂಶ ಕೊಟ್ಟ ಪ್ರಕರಣದಲ್ಲಿ, 2021ರಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು.

ಎರಡೂ ಸಂಸ್ಥೆಗಳಿಂದ ಪ್ಲೇಸ್‌ಮೆಂಟ್ ವರದಿ ತರಿಸಿಕೊಳ್ಳಿ. ಸರಾಸರಿ ಸಂಬಳವನ್ನು ನಂಬಬೇಡಿ, ಇಬ್ಬರ ದೊಡ್ಡ ಸಂಬಳ ಅದನ್ನು ಎತ್ತಿಬಿಡುತ್ತದೆ, ಮಧ್ಯಾಂಕ (ಎಲ್ಲರ ಸಂಬಳ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು) ಕೇಳಿ. ಓದು ಮುಗಿದ ಮೂರು ತಿಂಗಳಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಲೆಕ್ಕದಿಂದ ಎಷ್ಟು ಜನರನ್ನು ಹೊರಗಿಟ್ಟಿದ್ದಾರೆ ಎಂದೂ ಕೇಳಿ. ಎಲ್ಲಕ್ಕಿಂತ ಮುಖ್ಯ: ಸಪ್ಲೈ ಚೈನ್ ಹುದ್ದೆಗೆ ಯಾವ ಕಂಪನಿಗಳು ಸತತ ಮೂರು ವರ್ಷ ಬಂದಿವೆ? ಒಮ್ಮೆ ಬಂದು ಹೋದ ದೊಡ್ಡ ಹೆಸರಿಗಿಂತ ಮತ್ತೆ ಮತ್ತೆ ಬರುವ ಸಣ್ಣ ಕಂಪನಿ ಹೆಚ್ಚು ಹೇಳುತ್ತದೆ. ಅಲ್ಲಿ ಓದಿ ಈಗ ಆ ಕೆಲಸದಲ್ಲಿರುವ ಇಬ್ಬರೊಡನೆ ಮಾತಾಡಿ. ಉತ್ತರಗಳು ಗಟ್ಟಿಯಾಗಿದ್ದರೆ ಧೈರ್ಯವಾಗಿ ಎರಡನೆಯದನ್ನೇ ಆರಿಸಿ. ಅವರು ತಡವರಿಸಿದರೆ, ಮೊದಲನೆಯದಕ್ಕೆ ಹೋಗಿ.

ಪ್ರಶ್ನೆ (ಇನ್ನೊಬ್ಬರಿಂದ): ಎಂಬಿಎಯಲ್ಲಿ ನನ್ನ ಗ್ರೇಡ್ ಸಾಧಾರಣ. ಸಂದರ್ಶನದಲ್ಲಿ ಕೇಳಿದರೆ?

ಉತ್ತರ: ಕೇಳಿದರೆ ಇದ್ದದ್ದನ್ನು ಹೇಳಿ. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನಂಥ ಕೆಲವು ಕಡೆ, ನೇಮಕ ಮಾಡುವವರಿಗೆ ಗ್ರೇಡ್ ತಿಳಿಸುವುದಿಲ್ಲವೆಂದು ವಿದ್ಯಾರ್ಥಿಗಳೇ ಒಪ್ಪಂದ ಮಾಡಿಕೊಂಡಿದ್ದಾರೆ. ಆದರೂ ಕಂಪನಿಗಳು ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಯಾವ ವಿಷಯದಲ್ಲಿ ಎಡವಿದಿರಿ, ಆಮೇಲೆ ಏನು ಮಾಡಿದಿರಿ ಎಂಬುದಕ್ಕೆ ಎರಡು ವಾಕ್ಯ ಸಿದ್ಧವಿರಲಿ.