ಒಟಿಪಿ ಹೋದದ್ದು ಯಾರ ಮೊಬೈಲಿಗೆ?

ಸಂಪಾದಕರ ಉತ್ತರ

ಓದುಗರೊಬ್ಬರ ಪತ್ರದ ಸಾರ ಇದು: "ಮಂಡಿನೋವಿಗೆಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಹೊರರೋಗಿ ಚೀಟಿ ಮಾಡಿಸುವಾಗ ಆಧಾರ್ ಕೇಳಿದರು. ಒಟಿಪಿ ಬಂದದ್ದು ಅಳಿಯನ ಮೊಬೈಲಿಗೆ. ಅವರೇ ಅದನ್ನು ಓದಿ ಹೇಳಿದರು. ನನ್ನ ಹೆಸರಿನಲ್ಲಿ 14 ಅಂಕಿಗಳ ಆರೋಗ್ಯ ಸಂಖ್ಯೆಯೊಂದು ಸಿದ್ಧವಾಯಿತು. ಮೊದಲ ಹೆರಿಗೆಯ ನಂತರ ನಾನು ಮನೋವೈದ್ಯರಲ್ಲಿ ಚಿಕಿತ್ಸೆ ಪಡೆದವಳು, ಈಗಲೂ ಒಂದು ಮಾತ್ರೆ ನಡೆಯುತ್ತಿದೆ. ಅದು ಮಗಳ ಮನೆಯವರಿಗೆ ತಿಳಿಯದು. ಈ ಸಂಖ್ಯೆ ಕಡ್ಡಾಯವೇ? ಇನ್ನು ಮುಂದೆ ಯಾವ ಡಾಕ್ಟರಾದರೂ ನನ್ನದೆಲ್ಲವನ್ನೂ ಕಂಪ್ಯೂಟರಿನಲ್ಲಿ ನೋಡಬಹುದೇ? ಬೇಡವೆಂದರೆ ಅಳಿಸಬಹುದೇ?" ಹೆಸರು ಹಾಕಬೇಡಿ ಎಂಬ ಮಾತಿಗೆ ಅವರು ಅಡಿಗೆರೆ ಎಳೆದಿದ್ದಾರೆ.

ಮಾನ್ಯರೇ,

ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ: ಕಡ್ಡಾಯವಲ್ಲ. ನಿಮಗೆ ಸಿಕ್ಕಿರುವುದು 'ಆಭಾ' ಸಂಖ್ಯೆ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಮೊದಲು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆಗೊಂಡ ಡಿಜಿಟಲ್ ಮಿಷನ್ನಿನ ಭಾಗ ಅದು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಇದನ್ನು ನಡೆಸುತ್ತದೆ. ಇದರಲ್ಲಿ ಸೇರುವುದು ಸ್ವಇಚ್ಛೆಗೆ ಬಿಟ್ಟದ್ದು ಎಂದು ಮಿಷನ್ನಿನ ಆರೋಗ್ಯ ದತ್ತಾಂಶ ನೀತಿಯೇ ಹೇಳುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ಉಚಿತ ಚಿಕಿತ್ಸೆಯ ಕಾರ್ಡಿಗೂ ಇದಕ್ಕೂ ಅನೇಕರು ಗಂಟು ಹಾಕುತ್ತಾರೆ. ಆ ಕಾರ್ಡ್ ಬೇರೆ, ಇದು ಬೇರೆ. ಆಭಾ ಸಂಖ್ಯೆ ಇದ್ದ ಮಾತ್ರಕ್ಕೆ ಒಂದು ರೂಪಾಯಿಯ ವಿಮೆಯೂ ಸಿಗುವುದಿಲ್ಲ.

ಕಾಗದದ ಮೇಲಿನ ಸ್ವಇಚ್ಛೆ ಕೌಂಟರಿನ ಮುಂದೆ ಏನಾಗುತ್ತದೆ ಎಂಬುದನ್ನು ನೀವು ಕಂಡಿದ್ದೀರಿ. ಹಿಂದೆ ಸಾಲು ಬಾಗಿಲಿನವರೆಗೆ ಬೆಳೆದಿರುತ್ತದೆ, ಒಳಗಿರುವವರು "ಬೇಗ ಹೇಳಿ" ಎನ್ನುತ್ತಾರೆ, ಮಂಡಿ ನೋಯುತ್ತಿರುತ್ತದೆ. ಆ ಹೊತ್ತಿನಲ್ಲಿ "ನನಗೆ ಇದು ಬೇಡ, ಬರಿಯ ಚೀಟಿ ಸಾಕು" ಎನ್ನುವ ಧೈರ್ಯ ಎಷ್ಟು ಜನರಿಗೆ ಬಂದೀತು? ಆದರೂ ಹಾಗೆ ಹೇಳುವ ಹಕ್ಕು ನಿಮಗಿದೆ. ಮುಂದಿನ ಸಲ ಹೇಳಿ ನೋಡಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಾಯಿಲೆಗಳೆಲ್ಲ ದೆಹಲಿಯ ಒಂದು ಕಂಪ್ಯೂಟರಿನಲ್ಲಿ ಗುಡ್ಡೆ ಬಿದ್ದಿವೆ ಎಂದು ನೀವು ಭಾವಿಸಿದ್ದೀರಿ. ವ್ಯವಸ್ಥೆ ಹಾಗಿಲ್ಲ. ರಕ್ತಪರೀಕ್ಷೆಯ ವರದಿ ಪರೀಕ್ಷೆ ಮಾಡಿದ ಲ್ಯಾಬಿನಲ್ಲೇ ಇರುತ್ತದೆ, ಡಿಸ್ಚಾರ್ಜ್ ಸಾರಾಂಶ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ಇವು ಎಲ್ಲೆಲ್ಲಿವೆ ಎಂದು ಜೋಡಿಸಿ ತೋರಿಸುವ ಕೊಂಡಿಯಷ್ಟೇ ಈ ಸಂಖ್ಯೆ. ಬೇರೊಬ್ಬ ವೈದ್ಯರು ನೋಡಬೇಕಾದರೆ ಕೋರಿಕೆ ಕಳುಹಿಸಬೇಕು. ಅದರಲ್ಲಿ ಉದ್ದೇಶವೇನು, ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಲ್ಲಿಯವರೆಗೆ ನೋಡಬಹುದು ಎಂಬುದೆಲ್ಲ ಇರಬೇಕು. ನೀವು ಒಪ್ಪಬಹುದು, ತಿರಸ್ಕರಿಸಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿಸಿ ಟೋಕನ್ ಕೊಡುವಾಗ ಹೋಗುವುದು ಹೆಸರು, ವಯಸ್ಸು, ವಿಳಾಸದಂತಹ ವಿವರಗಳು ಮಾತ್ರ, ಕಾಯಿಲೆಯ ಚರಿತ್ರೆಯಲ್ಲ. ಇನ್ನು ನಿಮ್ಮ ಹೆರಿಗೆಯ ನಂತರದ ಚಿಕಿತ್ಸೆಯ ಕಡತ ಆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದರೆ, ಯಾರಾದರೂ ಅದನ್ನು ಡಿಜಿಟಲ್ ಮಾಡಿ ನಿಮ್ಮ ಸಂಖ್ಯೆಗೆ ಜೋಡಿಸದ ಹೊರತು ತಾನಾಗಿ ಪರದೆಯ ಮೇಲೆ ಬರುವುದಿಲ್ಲ.

ಇಷ್ಟು ಹೇಳಿ ನಿಮ್ಮನ್ನು ಸಮಾಧಾನಪಡಿಸಿ ಕಳುಹಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಂಗತಿ ಅಳಿಯನ ಮೊಬೈಲ್.

ಈ ಇಡೀ ಏರ್ಪಾಡು ಒಪ್ಪಿಗೆಯ ಮೇಲೆ ನಿಂತಿದೆ, ಒಪ್ಪಿಗೆ ಮೊಬೈಲಿನ ಮೇಲೆ ನಿಂತಿದೆ. ಒಬ್ಬರಿಗೆ ಒಂದು ಫೋನ್, ಅದು ಅವರದೇ ಕೈಯಲ್ಲಿ, ಅದರಲ್ಲಿ ಬಂದದ್ದನ್ನು ಅವರೇ ಓದುತ್ತಾರೆ ಎಂದು ವಿನ್ಯಾಸ ಮಾಡಿದವರು ನಂಬಿಕೊಂಡಂತಿದೆ. ನಮ್ಮ ಮನೆಗಳು ಹಾಗಿವೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ದೇಶದಲ್ಲಿ ಶೇ. 54ರಷ್ಟು ಮಾತ್ರ. ಉಳಿದವರ ಒಟಿಪಿ ಗಂಡನಿಗೋ ಮಗನಿಗೋ ಅಳಿಯನಿಗೋ ಹೋಗುತ್ತದೆ. ನಿಮ್ಮ ಖಾತೆಗೆ ಅವರ ಸಂಖ್ಯೆ ಜೋಡಣೆಯಾಗಿದ್ದರೆ, ಒಪ್ಪಿಗೆ ಕೊಡುವ ಆ್ಯಪ್ ತೆರೆಯಬಲ್ಲವರೂ ಅವರೇ, ವೈದ್ಯರ ಕೋರಿಕೆಗೆ ಹೂಂ ಎನ್ನಬಲ್ಲವರೂ ಅವರೇ. ಮುಂದೆ ಯಾವುದೋ ಔಷಧಚೀಟಿ ಅಲ್ಲಿ ಜೋಡಣೆಯಾದರೆ ಮೊದಲು ಓದುವವರೂ ಅವರೇ. ಅಳಿಯ ಒಳ್ಳೆಯವರೇ ಇರಬಹುದು. ಅವರ ಸ್ವಭಾವವನ್ನು ನಾನಿಲ್ಲಿ ಅಳೆಯುತ್ತಿಲ್ಲ.

ದತ್ತಾಂಶದ ರಕ್ಷಣೆ ಎಂದಾಗ ಎಲ್ಲರೂ ಮಾತನಾಡುವುದು ಕನ್ನ ಹಾಕುವವರ ಬಗ್ಗೆ. ಅದು ಸುಳ್ಳು ಭಯವಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಗಿ, ದಿನಗಟ್ಟಲೆ ಕೈಬರಹದಲ್ಲೇ ಕೆಲಸ ಸಾಗಿಸಬೇಕಾಯಿತು. ಫಿನ್‌ಲೆಂಡಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆಗಳನ್ನು ಕದ್ದವನು 2020ರಲ್ಲಿ ರೋಗಿಗಳಿಗೇ ಬೆದರಿಕೆ ಪತ್ರ ಕಳುಹಿಸಿ ಹಣ ಕೇಳಿದ. ಆದರೆ ದೂರದ ಕಳ್ಳನಿಗೆ ನೀವು ಯಾರೋ ಏನೋ. ನಿಮ್ಮ ಮಾತ್ರೆಯ ಹೆಸರಿನಿಂದ ಬದುಕು ಏರುಪೇರಾಗುವುದು ಹತ್ತಿರದವರು ನೋಡಿದಾಗಲೇ: ಮನೆಯವರು, ನೆಂಟರು, ಅದೇ ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಪರಿಚಯಸ್ಥರು.

ಈ ಕೊನೆಯವರಿಗೆ ಎಸ್ಟೋನಿಯಾ ಒಂದು ಮದ್ದು ಕಂಡುಕೊಂಡಿದೆ. 2008ರಿಂದ ಅಲ್ಲಿ ದೇಶವ್ಯಾಪಿ ಆರೋಗ್ಯ ಮಾಹಿತಿ ವ್ಯವಸ್ಥೆ ಇದೆ. ತನ್ನ ದಾಖಲೆಯನ್ನು ಯಾರು, ಯಾವಾಗ ತೆರೆದರು ಎಂಬುದನ್ನು ರೋಗಿ ತಾನೇ ನೋಡಬಹುದು. ಕಾರಣವಿಲ್ಲದೆ ಇಣುಕಿದವರು ಉತ್ತರ ಕೊಡಬೇಕಾಗುತ್ತದೆ. ನಮ್ಮ ಪ್ರತಿ ಆಸ್ಪತ್ರೆಯೂ ದಾಖಲೆ ತೆರೆದವರ ಅಂಥ ಪಟ್ಟಿಯನ್ನು, ಕೇಳಿದ ರೋಗಿಗೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡುವಂತಾಗಬೇಕು. ಅಮೆರಿಕದ ರಾಜ್ಯಗಳಲ್ಲಿ ಒಪ್ಪಿಗೆಯ ರೀತಿಯೇ ಒಂದೊಂದು ತರಹ: ಆಸ್ಪತ್ರೆಗಳು ದಾಖಲೆ ಹಂಚಿಕೊಳ್ಳುವ ನ್ಯೂಯಾರ್ಕಿನ ವಿನಿಮಯ ವ್ಯವಸ್ಥೆ ರೋಗಿಯ ಒಪ್ಪಿಗೆ ಪಡೆದು ಬಾಗಿಲು ತೆರೆಯುವ ಪದ್ಧತಿಯಲ್ಲಿ ಬೆಳೆಯಿತು, ಮೇರಿಲ್ಯಾಂಡಿನಲ್ಲಿ ಬೇಡವೆಂದು ಹೇಳದವರೆಲ್ಲ ಒಳಗೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ, ನಿಧಾನವಾದರೂ ಸರಿ.

ಕಾನೂನು ನಿಮ್ಮ ಬೆನ್ನಿಗಿದೆಯೇ? ಮಾನಸಿಕ ಚಿಕಿತ್ಸೆಯ ಮಟ್ಟಿಗೆ, ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಗೌಪ್ಯತೆಯನ್ನು ಹಕ್ಕಾಗಿಸಿದೆ. 24ನೆಯದು ಡಿಜಿಟಲ್ ರೂಪದ ಮಾಹಿತಿಗೂ ಅದನ್ನು ವಿಸ್ತರಿಸಿದೆ. ಅದೇ ವರ್ಷ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು ಎಂಬುದನ್ನು ಇಲ್ಲಿಯವರೇ ಮರೆತಿರುತ್ತಾರೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ನನ್ನ ತಕರಾರಿದೆ. ಸುರಕ್ಷತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ಎನ್ನುವುದೇನೋ ಸರಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಪ್ರತ್ಯೇಕಿಸಿದ್ದವು. ಹೊಸ ಕಾಯ್ದೆ ಆ ಭೇದವನ್ನೇ ಕೈಬಿಟ್ಟಿದೆ. ಅಂಗಡಿಯ ಬಿಲ್ಲೂ ಮನೋವೈದ್ಯರ ಚೀಟಿಯೂ ಅದರ ಕಣ್ಣಿಗೆ ಒಂದೇ. ಆರೋಗ್ಯ ದತ್ತಾಂಶಕ್ಕೆಂದೇ 2018ರಲ್ಲಿ ಸಿದ್ಧವಾಗಿದ್ದ ಕರಡು ಮಸೂದೆ ಕರಡಾಗಿಯೇ ಉಳಿಯಿತು.

ಇದನ್ನೆಲ್ಲ ಓದಿ, ಸಂಪಾದಕರು ಡಿಜಿಟಲ್ ದಾಖಲೆಯ ವಿರೋಧಿ ಎಂದುಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಕಳುಹಿಸಿಕೊಂಡ ರೋಗಿಗಳನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಚೀಲದೊಳಗೆ ಮಡಿಕೆ ಹರಿದ ಇಸಿಜಿ, ಅಕ್ಷರ ಮಾಸಿದ ವರದಿ, ಒಂದಕ್ಕೊಂದು ಅಂಟಿಕೊಂಡ ಎಕ್ಸ್-ರೇ. ದಿನಾಂಕ ಕಾಣದ ಕಾರಣಕ್ಕೆ ಅದೇ ಪರೀಕ್ಷೆ ಮತ್ತೆ, ಅದೇ ಖರ್ಚು ಮತ್ತೆ. ಅಂಥವರಿಗೆ ಇದು ದೊಡ್ಡ ಉಪಕಾರ.

ಅಳಿಸುವ ವಿಚಾರ. ಆಭಾ ಖಾತೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಲೂ ಪೂರ್ತಿ ಅಳಿಸಲೂ ಅವಕಾಶವಿದೆ. ಅಳಿಸಿದರೆ ಹೋಗುವುದು ಕೊಂಡಿ ಮಾತ್ರ. ಆಸ್ಪತ್ರೆಯಲ್ಲಿ ಬರೆದಿಟ್ಟದ್ದು ಆಸ್ಪತ್ರೆಯಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ, ಮೊದಲು ನಿಮ್ಮದೇ ಒಂದು ಸಿಮ್ ಪಡೆದು ಆಧಾರಿಗೂ ಆಭಾ ಖಾತೆಗೂ ಆ ಸಂಖ್ಯೆಯನ್ನು ಹಾಕಿಸಿ. ಅಳಿಯನ ಫೋನಿನಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಲಾಗೌಟ್ ಮಾಡಿಸಿ. ಅಷ್ಟಾದ ಮೇಲೂ ಬೇಡವೆನಿಸಿದರೆ ಧಾರಾಳವಾಗಿ ಅಳಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಆ ಮಾತ್ರೆಯ ವಿಷಯವನ್ನು ಮಂಡಿ ನೋಡುವ ವೈದ್ಯರಿಂದ ಮುಚ್ಚಿಡಬೇಡಿ. ಮಂಡಿಗೆ ಕೊಡುವ ಕೆಲವು ನೋವುನಿವಾರಕಗಳು, ಮನೋವೈದ್ಯರು ಕೊಡುವ ಲಿಥಿಯಂ ಎಂಬ ಔಷಧದ ಜೊತೆ ಸೇರಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅಳಿಯನನ್ನು ಹೊರಗೆ ಕೂರಿಸಿ, ಮಾತ್ರೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಯಾಕೆ ಹೊರಗೆ ಎಂದು ಅವರು ಕೇಳಿದರೆ, ಹೆಂಗಸರ ವಿಷಯ ಎಂದರೆ ಸಾಕು.

- ಸಂಪಾದಕ