ಆ ಟಿಕೆಟ್ ವಾಪಸ್ ಕೊಡಬೇಡ

ನಿನ್ನ ಪ್ರಶ್ನೆ ಓದಿದೆ. ಹಾಸನದಿಂದ ಮಿಲಾನ್‌ಗೆ ಬಂದು ಆರು ವಾರ ಆಗಿದೆ, ಓದು ಚೆನ್ನಾಗಿ ನಡೆಯುತ್ತಿದೆ, ಅಡುಗೆ ಹೇಗೋ ಆಗುತ್ತಿದೆ, ಆದರೆ ಸಂಜೆ ಆರು ಗಂಟೆಯ ಮೇಲೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಶನಿವಾರ ಭಾನುವಾರ ರೂಮಿನಲ್ಲೇ ಕಳೆದುಹೋಗುತ್ತದೆ ಅಂತ ಬರೆದಿದ್ದೀಯ. ಮನೆಯ ಓನರಮ್ಮ ಮುಂದಿನ ಶನಿವಾರದ ಒಂದು ಟಿಕೆಟ್ ಕೈಗಿಟ್ಟಿದ್ದಾರೆ. ನಾಲ್ಕು ಜನ ಹಾಡುವವರು, ಒಂದು ಪಿಯಾನೋ, ಇಟಲಿಯ ಹೆಸರಾದ ಒಪೆರಾ ಹಾಡುಗಳು. "ಅಕ್ಕ, ಒಂದಕ್ಷರ ಅರ್ಥ ಆಗಲ್ಲ, ನನ್ನ ಹತ್ತಿರ ಸೂಟೂ ಇಲ್ಲ, ಇದು ನಮ್ಮಂಥವರ ಜಾಗ ಅಲ್ಲ, ವಾಪಸ್ ಕೊಟ್ಟುಬಿಡಲಾ?" ಅಂತ ಕೇಳಿದ್ದೀಯ. ಅಕ್ಕ ಅಂದೆಯಲ್ಲ, ಅದಕ್ಕೆ ನೀನು ಅಂತಲೇ ಬರೆಯುತ್ತಿದ್ದೇನೆ.

ವಾಪಸ್ ಕೊಡಬೇಡ. ಹೋಗು ಕಣಪ್ಪ.

ನಾನು ಇಲ್ಲಿಗೆ ಬಂದು 16 ವರ್ಷ ಆಯಿತು. ಮೊದಲ ಚಳಿಗಾಲ ನನಗೂ ಹೀಗೇ ಇತ್ತು. ನವೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲು, ಮಂಜು. ಅಂಗಡಿಯಲ್ಲಿ ಆಡುವ ಎರಡು ಮಾತು ಬಿಟ್ಟರೆ ದಿನವಿಡೀ ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ. ತುಮಕೂರಿನಿಂದ ಅಮ್ಮ ಫೋನ್ ಮಾಡಿದರೆ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ, ಫೋನ್ ಇಟ್ಟ ಮೇಲೆ ಅಳು ಬರುತ್ತಿತ್ತು. ಆ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಇಂಥದ್ದೇ ಒಂದು ಸಂಜೆಗೆ ಕರೆದುಕೊಂಡು ಹೋದರು. ಒಂದು ಹಾಡು ಮುಗಿದಾಗ ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ಸುಮ್ನೆ ನನ್ನ ಕೈ ಹಿಡಿದು "ಕೇಳಿದೆಯಾ?" ಅಂದರು. ಎಲ್ಲಿಂದ ಬಂದೆ, ಏನು ಓದಿದ್ದೀಯ, ಯಾವಾಗ ವಾಪಸ್ ಹೋಗುತ್ತೀಯ, ಯಾವುದೂ ಇಲ್ಲ. ಈ ದೇಶದಲ್ಲಿ ನನ್ನನ್ನು ತಮ್ಮವಳು ಅಂತ ಯಾರಾದರೂ ಮೊದಲ ಸಲ ಮಾತಾಡಿಸಿದ್ದು ಅಂದರೆ ಅದೇ.

ಮೊದಲು ಇದೇನು ಅಂತ ತಿಳಿದುಕೋ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಬರುವ ಆರಿಯಾ ಅಂದರೆ ರಂಗಗೀತೆ, ಅಷ್ಟೇ. ನಾಟಕದ ಮಧ್ಯೆ ಕಥೆ ಒಂದು ಗಳಿಗೆ ನಿಲ್ಲುತ್ತದೆ, ಪಾತ್ರ ತನ್ನ ಮನಸ್ಸಿನಲ್ಲಿರುವುದನ್ನು ಹಾಡಿ ಹೇಳಿಕೊಳ್ಳುತ್ತದೆ. ನಮ್ಮ ತಾತ ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿ ಬೆಳೆದವರು. ನಾಟಕದ ಹೆಸರು ಮರೆತಿದ್ದರೂ ಹಾಡು ಮರೆತಿರಲಿಲ್ಲ, ಬಾವಿಯ ಹತ್ತಿರ ನೀರು ಸೇದುತ್ತಾ ಹಾಡುತ್ತಿದ್ದರು. ಇಲ್ಲೂ ಅದೇ ಕಥೆ. ಇಡೀ ಒಪೆರಾ ಮೂರು ಗಂಟೆಯದ್ದಾದರೂ ಜನರ ಬಾಯಲ್ಲಿ ಉಳಿದಿರುವುದು ಒಂದೆರಡು ಹಾಡು. ಆ ಹಾಡುಗಳನ್ನೇ ಆರಿಸಿ ಒಂದು ಸಂಜೆ ಹಾಡುತ್ತಾರೆ, ವೇಷ ಇಲ್ಲ, ಪರದೆ ಇಲ್ಲ. ಚೆನ್ನಾಗಿ ಹಾಡಿದರೆ ಜನ "ಬಿಸ್, ಬಿಸ್" ಅಂತ ಕೂಗುತ್ತಾರೆ. ಕಂಪನಿ ನಾಟಕದಲ್ಲಿ ನಮ್ಮವರು "ಒನ್ಸ್ ಮೋರ್" ಅಂತ ಕೂಗುತ್ತಿದ್ದರಲ್ಲ, ಅದೇ ಇದು.

ದೊಡ್ಡವರ ಜಾಗ ಅನ್ನುವ ಮಾತು ಬಿಡು. ಇಲ್ಲಿನ ಹೆಸರಾದ ಒಪೆರಾ ಮಂದಿರ ಸ್ಕಾಲಾ ಥಿಯೇಟರಿನಲ್ಲಿ ಹೊಸ ಸೀಸನ್ ಶುರುವಾಗುವ ಡಿಸೆಂಬರ್ 7ರ ಆಟಕ್ಕೆ ಕಾರಿನಿಂದ ಇಳಿಯುವವರನ್ನು ಟಿವಿಯಲ್ಲಿ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಅದೇ ಕಟ್ಟಡದ ಮೇಲಿನ ಗ್ಯಾಲರಿಯಲ್ಲಿ ಕಡಿಮೆ ದುಡ್ಡಿನ ಟಿಕೆಟ್ ತೆಗೆದುಕೊಂಡು ಕೂರುವವರಿದ್ದಾರೆ, ಅವರನ್ನು ಲೊಜ್ಜೊನಿಸ್ತಿ ಅನ್ನುತ್ತಾರೆ, ಹಾಡುವವರು ನಿಜವಾಗಿ ಹೆದರುವುದು ಅವರಿಗೇ. ಒಂದು ಸ್ವರ ಜಾರಿದರೆ ಅಲ್ಲಿಂದಲೇ ಕೂಗು ಬರುತ್ತದೆ. ನಿನ್ನ ಓನರಮ್ಮನ ವಯಸ್ಸಿನ ಎಷ್ಟೋ ಜನ ಇಸ್ತ್ರಿ ಮಾಡುತ್ತಾ ಈ ಹಾಡುಗಳನ್ನು ಗುನುಗುತ್ತಾರೆ. ಇನ್ನು "ನಮ್ಮಂಥವರು" ಅಂದೆ. ಮೈಸೂರಿನ ಜಯಚಾಮರಾಜ ಒಡೆಯರ್ ಪಶ್ಚಿಮದ ಸಂಗೀತವನ್ನು ಎಷ್ಟು ಪ್ರೀತಿಸುತ್ತಿದ್ದರು ಗೊತ್ತಾ? ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳನ್ನು 1950ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ಹಾಡಿದ್ದು ಅವರ ಹಣದ ಬೆಂಬಲದಿಂದ. ಅದು ಜರ್ಮನ್ ಹಾಡು, ಇಟಲಿಯದ್ದಲ್ಲ, ಆದರೂ ಹೇಳಬೇಕು ಅನ್ನಿಸಿತು.

ಈಗ ಮುಖ್ಯವಾದ ಮಾತು. ಹೋಗುವ ಮೊದಲು ಹಾಡಿನ ಮಾತು ಕಲಿ. ಎಲ್ಲ ಬೇಡ, ನಾಲ್ಕೈದು ಹಾಡಿನಲ್ಲಿ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಏನು ಹೇಳುತ್ತಿದ್ದಾರೆ ಅನ್ನುವುದು ಗೊತ್ತಿದ್ದರೆ ಸಾಕು. ಸ್ವರ ತಾನಾಗಿ ಕಿವಿಗೆ ಬೀಳುತ್ತದೆ, ಅರ್ಥ ಮಾತ್ರ ನಾವೇ ಹೋಗಿ ತರಬೇಕು.

ಮೊದಲು ಒಂದು ಉದಾಹರಣೆ ಹೇಳುತ್ತೇನೆ. "ಲಾ ದೊನ್ನಾ ಎ ಮೊಬಿಲೆ" ನೀನು ಖಂಡಿತ ಕೇಳಿದ್ದೀಯ. ಕುಣಿಯುವ ಹಾಗಿರುವ ಧಾಟಿ, ಎಷ್ಟೋ ಜಾಹೀರಾತಿನಲ್ಲಿ ಬಂದಿದೆ. ಹೆಣ್ಣಿನ ಮನಸ್ಸು ಗಾಳಿಯಲ್ಲಿ ಹಾರುವ ಗರಿಯಂತೆ, ಸ್ಥಿರವಿಲ್ಲ ಅಂತ ಹಾಡು. ಹಾಡುವವನು ಮಾಂಟುವಾದ ಡ್ಯೂಕ್, ಊರಿನ ಹೆಣ್ಣುಮಕ್ಕಳ ಬಾಳು ಹಾಳು ಮಾಡಿದವನು, ಸ್ಥಿರವಿಲ್ಲದ ಮನಸ್ಸು ಅವನದ್ದೇ. ಅವನ ಆಸ್ಥಾನದ ಗೂನು ಬೆನ್ನಿನ ವಿದೂಷಕ ರಿಗೊಲೆತ್ತೋ. ಇವನ ಮಗಳು ಜಿಲ್ದಾಳನ್ನೂ ಡ್ಯೂಕ್ ಕೆಡಿಸುತ್ತಾನೆ. ಅಪ್ಪ ಸಿಟ್ಟಿನಿಂದ ದುಡ್ಡು ಕೊಟ್ಟು ಡ್ಯೂಕನನ್ನು ಕೊಲ್ಲಲು ಜನ ಇಡುತ್ತಾನೆ. ಮಳೆ ಸುರಿಯುವ ರಾತ್ರಿ ಹೆಣ ತುಂಬಿದ ಮೂಟೆ ಕೈಗೆ ಬರುತ್ತದೆ. ಅದನ್ನು ಹೊಳೆಗೆ ಎಸೆಯಬೇಕು ಅನ್ನುವಷ್ಟರಲ್ಲಿ ದೂರದಿಂದ ಅದೇ ಹಾಡು ಕೇಳಿಸುತ್ತದೆ. ಡ್ಯೂಕ್ ಬದುಕಿದ್ದಾನೆ! ಹಾಗಾದರೆ ಮೂಟೆಯಲ್ಲಿ ಯಾರು? ಬಿಚ್ಚಿ ನೋಡಿದರೆ ಅವನ ಮಗಳು, ಡ್ಯೂಕನ ಜೀವ ಉಳಿಸಲು ತಾನೇ ಕತ್ತಿಗೆ ಎದೆ ಕೊಟ್ಟವಳು. ಇದಕ್ಕೆ ಸಂಗೀತ ಕಟ್ಟಿದ ವೆರ್ದಿ ಆ ಸಂತೋಷದ ಧಾಟಿಯಿಂದಲೇ ಅಪ್ಪನಿಗೆ ಸುದ್ದಿ ಮುಟ್ಟಿಸುತ್ತಾನೆ. ಒಪೆರಾದ ಹೆಸರೂ ರಿಗೊಲೆತ್ತೋ, 1851ರಲ್ಲಿ ವೆನಿಸ್‌ನಲ್ಲಿ ಮೊದಲ ಆಟ ಆಯಿತು. ಇದು ತಿಳಿದ ಮೇಲೆ ಆ ಹಾಡನ್ನು ಬರೀ ಖುಷಿಯ ಹಾಡು ಅಂತ ಕೇಳಲು ನನ್ನಿಂದ ಆಗಿಲ್ಲ.

"ಓ ಮಿಯೊ ಬಬ್ಬಿನೊ ಕಾರೊ" ಇದಕ್ಕೆ ಉಲ್ಟಾ. ಕೇಳಿದರೆ ದೇವರ ಮುಂದೆ ನಿಂತು ಬೇಡಿದ ಹಾಗಿದೆ. ನಿಜವಾಗಿ ಒಬ್ಬ ಹುಡುಗಿ ಅಪ್ಪನಿಗೆ ಹೇಳುತ್ತಿದ್ದಾಳೆ, ನಾನು ಇಷ್ಟಪಟ್ಟವನ ಜೊತೆ ಮದುವೆ ಮಾಡು, ಇಲ್ಲ ಅಂದರೆ ಫ್ಲಾರೆನ್ಸಿನ ಪೊಂತೆ ವೆಕ್ಕಿಯೊ ಸೇತುವೆಗೆ ಹೋಗಿ ಹೊಳೆಗೆ ಹಾರುತ್ತೇನೆ ಅಂತ. ಪುಚ್ಚಿನಿ ಅನ್ನುವ ಇನ್ನೊಬ್ಬ ಸಂಗೀತಗಾರರ ನಗೆನಾಟಕದ ಹಾಡು ಅದು. "ಎ ಲುಚೆವಾನ್ ಲೆ ಸ್ತೆಲ್ಲೆ" ಬಂದರೆ ಮಾತ್ರ ಕರವಸ್ತ್ರ ಹತ್ತಿರ ಇಟ್ಟುಕೋ. ಸೆರೆಯಲ್ಲಿರುವ ಚಿತ್ರಕಾರನನ್ನು ಬೆಳಗಾದರೆ ಗುಂಡಿಕ್ಕಿ ಸಾಯಿಸುತ್ತಾರೆ, ಅವನು ಕೂತು ನಲ್ಲೆಯ ಹೆಜ್ಜೆ ಸಪ್ಪಳ ನೆನೆಯುತ್ತಾನೆ, ಬದುಕನ್ನು ಇಷ್ಟು ಪ್ರೀತಿಸಿದ್ದೇ ಇಲ್ಲ ಅನ್ನುತ್ತಾನೆ.

ಕೊನೆಗೆ ಹೆಚ್ಚು ಕಡಿಮೆ ಎಲ್ಲ ಕಡೆ ಟೆನರ್, ಅಂದರೆ ಎತ್ತರದ ದನಿಯ ಗಾಯಕ, ಬಂದು "ನೆಸ್ಸುನ್ ದೋರ್ಮಾ" ಹಾಡುತ್ತಾನೆ. ತುರಂದೋತ್ ಒಪೆರಾದ್ದು, ಪುಚ್ಚಿನಿ ಅದನ್ನು ಪೂರ್ತಿ ಮಾಡದೆ 1924ರಲ್ಲಿ ತೀರಿಕೊಂಡರು. 1926ರಲ್ಲಿ ಇಲ್ಲೇ ಸ್ಕಾಲಾದಲ್ಲಿ ಮೊದಲ ಆಟದ ದಿನ, ಪುಚ್ಚಿನಿ ಬರೆದದ್ದು ಮುಗಿಯುತ್ತಿದ್ದಂತೆ ವಾದ್ಯಮೇಳ ನಡೆಸುತ್ತಿದ್ದ ತೊಸ್ಕನಿನಿ ಕೈಯಲ್ಲಿದ್ದ ಕೋಲು ಕೆಳಗಿಟ್ಟು ಆಟ ನಿಲ್ಲಿಸಿಬಿಟ್ಟರು. ಕೊನೆಯಲ್ಲಿ "ವಿಂಚೆರೋ" ಅಂದರೆ ನಾನು ಗೆಲ್ಲುತ್ತೇನೆ ಅಂತ. ಆ ಎತ್ತರದ ಸ್ವರವನ್ನು ಪುಚ್ಚಿನಿ ಚಿಕ್ಕದಾಗಿಯೇ ಬರೆದಿದ್ದರು, ಹಾಡುವವರು ಅದನ್ನು ಎಳೆದು ನಿಲ್ಲಿಸುತ್ತಾರೆ, ಜನ ಕಾಯುವುದೂ ಅದಕ್ಕೇ. ಒಪೆರಾದಲ್ಲಿ ಈ ಹಾಡು ನಿಲ್ಲುವುದೇ ಇಲ್ಲ, ಸಂಗೀತ ಮುಂದಿನ ಮಾತಿಗೆ ಹರಿದುಹೋಗುತ್ತದೆ. ಕಛೇರಿಗೋಸ್ಕರ ಬೇರೆ ಮುಕ್ತಾಯ ಹಾಕಿಕೊಂಡಿದ್ದಾರೆ.

ಮೈಕ್ ಇರುವುದಿಲ್ಲ, ಗಮನಿಸು. ನೂರಿನ್ನೂರು ಜನರ ಹಾಲ್‌ನಲ್ಲಿ ನಾಲ್ಕನೇ ಸಾಲಿನಲ್ಲಿ ಕೂತರೆ ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಮೇಲಿನ ಸ್ವರ ಹಿಡಿದಾಗ ನಿನ್ನ ಎದೆಯೇ ಅದುರುತ್ತದೆ. ಇಯರ್‌ಫೋನ್‌ನಲ್ಲಿ ಎಷ್ಟು ಕೇಳಿದರೂ ಅದು ಸಿಗುವುದಿಲ್ಲ. ಪಿಯಾನೋ ನುಡಿಸುವವರ ಮುಖ ನೋಡು. ಹಾಡುವವರು ಉಸಿರು ತೆಗೆದುಕೊಳ್ಳುವ ಮೊದಲೇ ಅವರಿಗೆ ಗೊತ್ತಾಗುತ್ತದೆ, ನಮ್ಮ ಪಿಟೀಲಿನವರ ಹಾಗೆ.

ಮತ್ತೆ ಹಾಡುವವರ ಹೆಸರು ಓದು, ಇದನ್ನು ಮರೆಯಬೇಡ. ನಾನು ಹೋಗುವ ಇಂಥ ಸಣ್ಣ ಕಛೇರಿಗಳಲ್ಲಿ ಅರ್ಧಕ್ಕರ್ಧ ಜನ ಹೊರಗಿನವರು. ಕೊರಿಯಾ, ಚೀನಾ, ಜಾರ್ಜಿಯಾ, ಉಕ್ರೇನ್. ನಿನ್ನ ಹಾಗೇ ಸೂಟ್‌ಕೇಸ್ ಹಿಡಿದು ಬಂದವರು, ನಿನ್ನ ಹಾಗೇ ಪೆರ್ಮೆಸ್ಸೊಗೆ, ಅಂದರೆ ಇಲ್ಲಿ ಇರುವ ಪರವಾನಗಿಗೆ, ಪೋಸ್ಟ್ ಆಫೀಸಿನಲ್ಲಿ ಅರ್ಜಿ ಕೊಟ್ಟವರು. ಇಟಲಿಯವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಹಾಡನ್ನು ಇಟಲಿಯವರ ಮುಂದೆಯೇ ನಿಂತು ಹಾಡುತ್ತಾರೆ. ಒಂದು ಅಕ್ಷರ ಒತ್ತು ತಪ್ಪಿದರೂ ಕೇಳುವವರಿಗೆ ಗೊತ್ತಾಗುತ್ತದೆ, ಅದಕ್ಕೇ ಅವರು ವರ್ಷಗಟ್ಟಲೆ ಮೊದಲು ಕಲಿಯುವುದು ಮಾತು, ಉಚ್ಚಾರ. ಕೊರಿಯಾದ ಸುಮಿ ಜೋ 1983ರಲ್ಲಿ ರೋಮ್‌ಗೆ ಓದಲು ಬಂದವರು, ಮೂರು ವರ್ಷದಲ್ಲಿ ತ್ರಿಯೆಸ್ತೆಯಲ್ಲಿ ಅದೇ ಜಿಲ್ದಾ ಪಾತ್ರ ಹಾಡಿದರು. ದಕ್ಷಿಣ ಆಫ್ರಿಕಾದ ಪ್ರಿಟಿ ಯೆಂಡೆ 16ನೇ ವಯಸ್ಸಿನಲ್ಲಿ ಟಿವಿಯ ವಿಮಾನ ಕಂಪನಿಯ ಜಾಹೀರಾತಿನಲ್ಲಿ ಒಂದು ಹಾಡು ಕೇಳಿ, ಇದೇನು ಅಂತ ಟೀಚರ್ ಹತ್ತಿರ ಕೇಳಿದವರು. ಮುಂದೆ ಸ್ಕಾಲಾದ ಅಕಾಡೆಮಿಯಲ್ಲಿ ಕಲಿತರು. ಒಪೆರಾದ ಹೆಸರಾದ ಗಾಯಕಿ ಮರಿಯಾ ಕಲಾಸ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, ಗ್ರೀಕ್ ಅಪ್ಪ ಅಮ್ಮನಿಗೆ.

ಅಷ್ಟೇ ಯಾಕೆ, ವೆರ್ದಿಯೇ ಈ ಊರಿಗೆ ಪರದೇಶಿಯಾಗಿ ಬಂದವರು. ಆಗ ಇಟಲಿ ಒಂದು ದೇಶ ಆಗಿರಲಿಲ್ಲ. ಅವರ ಹಳ್ಳಿ ಪಾರ್ಮಾ ಸೀಮೆಗೆ ಸೇರಿತ್ತು, ಮಿಲಾನ್ ಆಸ್ಟ್ರಿಯಾದವರ ಕೈಯಲ್ಲಿತ್ತು. 1832ರಲ್ಲಿ, 18ನೇ ವಯಸ್ಸಿನಲ್ಲಿ, ಇಲ್ಲಿನ ಸಂಗೀತ ಶಾಲೆಗೆ ಅರ್ಜಿ ಹಾಕಿದರು. ವಯಸ್ಸು ಮೀರಿದೆ, ಪಿಯಾನೋ ಮೇಲೆ ಕೈ ಇಡುವ ರೀತಿ ಸರಿ ಇಲ್ಲ, ಬೇರೆ ಸೀಮೆಯವನು ಬೇರೆ ಅಂತ ಸೇರಿಸಿಕೊಳ್ಳಲಿಲ್ಲ. ಇವತ್ತು ಆ ಶಾಲೆಯ ಹೆಸರೇ ಜುಸೆಪ್ಪೆ ವೆರ್ದಿ ಕನ್ಸರ್ವೇಟರಿ. ಹತ್ತು ವರ್ಷದ ಮೇಲೆ, 1842ರಲ್ಲಿ, ಇದೇ ಊರಿನ ಸ್ಕಾಲಾದಲ್ಲಿ ಅವರ ನಬುಕ್ಕೊ ಜನರ ಮನಸ್ಸು ಗೆದ್ದಿತು. ಊರು ಬಿಟ್ಟು ಬಂದವರು ಹೊಳೆಯ ದಂಡೆಯಲ್ಲಿ ಕೂತು ಊರನ್ನು ನೆನೆಯುವ "ವಾ ಪೆನ್ಸಿಯೆರೊ" ಅದರಲ್ಲೇ ಇರುವುದು. ಆ ಹಾಡನ್ನು ಮೊದಲ ಸಲ ಅರ್ಥ ತಿಳಿದು ಕೇಳಿದಾಗ ನನಗೆ ನಮ್ಮ ಮನೆ ಅಂಗಳ ಕಣ್ಣಿಗೆ ಬಂತು.

ಸಮಯ ಸಿಕ್ಕಾಗ ಕೆಂಪು ಲೈನ್ ಮೆಟ್ರೋ ಹತ್ತಿ ಬುವನಾರೋತಿ ಸ್ಟೇಷನ್‌ನಲ್ಲಿ ಇಳಿ. ಎದುರಿಗೇ ಕಾಸಾ ವೆರ್ದಿ. ವಯಸ್ಸಾಗಿ ಕೈಯಲ್ಲಿ ದುಡ್ಡಿಲ್ಲದ ಹಾಡುಗಾರರು, ವಾದ್ಯದವರು ಕೊನೆಗಾಲ ಕಳೆಯಲಿ ಅಂತ ವೆರ್ದಿ ತಮ್ಮ ದುಡ್ಡಿನಲ್ಲಿ ಕಟ್ಟಿಸಿದ ಮನೆ. ತಾನು ಬದುಕಿರುವಾಗ ತೆರೆದರೆ ಜನ ಬಂದು ಥ್ಯಾಂಕ್ಸ್ ಹೇಳುತ್ತಾರೆ, ಅದು ಬೇಡ ಅಂದಿದ್ದರಂತೆ. 1901ರಲ್ಲಿ ತೀರಿಕೊಂಡರು, 1902ರಲ್ಲಿ ಬಾಗಿಲು ತೆರೆಯಿತು. ಅವರ ಸಮಾಧಿಯೂ ಅಲ್ಲೇ. ಈಗ ಹಿರಿಯರ ಜೊತೆ ಸಂಗೀತ ಕಲಿಯುವ ವಿದ್ಯಾರ್ಥಿಗಳೂ ಅಲ್ಲಿ ವಾಸ ಇರುತ್ತಾರೆ, ಕಛೇರಿಗಳೂ ನಡೆಯುತ್ತವೆ. ಒಂದು ಸಲ ಅಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ವೇದಿಕೆಯ ಮೇಲೆ ಹುಡುಗಿ "ವಿಸ್ಸಿ ದಾರ್ತೆ" ಹಾಡುತ್ತಿದ್ದಳು. ಅಜ್ಜಿಯ ತುಟಿ ಒಂದೊಂದು ಮಾತಿಗೂ ಅಲ್ಲಾಡುತ್ತಿತ್ತು, ಹುಡುಗಿ ಉಸಿರು ತೆಗೆದುಕೊಳ್ಳುವ ಕಡೆ ಅಜ್ಜಿಯ ಭುಜವೂ ಏಳುತ್ತಿತ್ತು. ಹುಡುಗಿ ಅದನ್ನು ಕಂಡಳು. ಕೊನೆಯ ಸಾಲನ್ನು ಅವರ ಕಡೆಗೇ ತಿರುಗಿ ಹಾಡಿದಳು.

ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಇಸ್ತ್ರಿ ಮಾಡಿದ ಶರ್ಟ್, ಒಗೆದ ಪ್ಯಾಂಟ್, ಸಾಕು. ನೇರಳೆ ಬಣ್ಣ ಒಂದು ಬೇಡ, ಇಲ್ಲಿನ ರಂಗದವರಿಗೆ ಅದು ಅಪಶಕುನ. ಹತ್ತು ಹದಿನೈದು ನಿಮಿಷ ಮೊದಲೇ ಹೋಗು, ಶುರುವಾದ ಮೇಲೆ ಹೋದರೆ ಮಧ್ಯದಲ್ಲಿ ಒಳಗೆ ಬಿಡುವುದು ಕಷ್ಟ. ಹಾಡಿನ ನಡುವೆ ತಲೆದೂಗಿ ಭಲೇ ಅನ್ನುವ ನಮ್ಮ ಅಭ್ಯಾಸ ಇಲ್ಲಿಲ್ಲ. ಪಿಯಾನೋದಿಂದ ಕೈ ತೆಗೆದ ಮೇಲೆ ಚಪ್ಪಾಳೆ. ಗಂಡಸಿಗೆ ಬ್ರಾವೋ, ಹೆಂಗಸಿಗೆ ಬ್ರಾವಾ, ಎಲ್ಲರಿಗೂ ಸೇರಿಸಿ ಬ್ರಾವಿ. ಮುಗಿದ ಮೇಲೆ ಹಾಡಿದವರು ಬಾಗಿಲ ಹತ್ತಿರ ನಿಂತಿದ್ದರೆ ಹೋಗಿ "ಕೊಂಪ್ಲಿಮೆಂತಿ" ಅನ್ನು, ಸಂಕೋಚ ಬೇಡ, ಅವರಿಗೂ ಆ ಮಾತು ಬೇಕು.

ಬೇಸಿಗೆ ಬರಲಿ, ವೆರೋನಾದ ಅರೇನಾಗೆ ಹೋಗೋಣ. ರೋಮನ್ನರ ಕಾಲದ ಕಲ್ಲಿನ ಬಯಲುರಂಗ, ವೆರ್ದಿ ಹುಟ್ಟಿ ನೂರು ವರ್ಷ ಆದಾಗ, 1913ರಲ್ಲಿ, ಅಲ್ಲಿ ಅವರ ಐದಾ ಒಪೆರಾ ಆಡಿ ಶುರುಮಾಡಿದ ಹಬ್ಬ ಇವತ್ತಿಗೂ ನಡೆಯುತ್ತದೆ. ಕಲ್ಲಿನ ಮೆಟ್ಟಿಲ ಮೇಲೆ ದಿಂಬು ಹಾಕಿಕೊಂಡು ಮಧ್ಯರಾತ್ರಿಯವರೆಗೆ ಕೂರಬೇಕು, ನಮ್ಮ ಬಯಲಾಟದ ಹಾಗೆ.

ಓನರಮ್ಮನಿಗೆ ಟಿಕೆಟ್‌ಗೆ ಥ್ಯಾಂಕ್ಸ್ ಹೇಳುವಾಗ ಒಂದು ಪ್ರಶ್ನೆ ಕೇಳು, ನಿಮಗೆ ಯಾವ ಹಾಡು ಇಷ್ಟ ಅಂತ. ಅವರೇನು ಹೇಳುತ್ತಾರೋ ಕೂತು ಕೇಳು, ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ. ಟಿಕೆಟ್ ಜೊತೆ ಹಾಡುಗಳ ಪಟ್ಟಿ ಕೊಟ್ಟಿದ್ದರೆ ಅದರ ಫೋಟೋ ನನಗೆ ಕಳಿಸು. ಒಂದೊಂದು ಹಾಡಿನ ಕಥೆಯನ್ನೂ ಎರಡೆರಡು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಶುಕ್ರವಾರ ರಾತ್ರಿಯೊಳಗೆ ಕಳಿಸುತ್ತೇನೆ.