ತಗಡಿನ ಗೇಜ್: ಒಂದೇ ಸಂಖ್ಯೆ, ಹಲವು ದಪ್ಪ

ಪ್ರಶ್ನೆ: ಜೋಳ ತುಂಬಿಡಲು ಜಿ.ಐ. (ಸತು ಲೇಪಿತ) ತಗಡಿನ ಕಣಜ ಮಾಡಿಸಬೇಕಾಗಿದೆ. ಇಬ್ಬರಿಂದ ದರಪಟ್ಟಿ ತರಿಸಿದೆ. ಇಬ್ಬರೂ ‘24 ಗೇಜ್’ ಎಂದೇ ಬರೆದಿದ್ದಾರೆ. ಆದರೆ ಅವರು ಕೊಟ್ಟ ತುಣುಕುಗಳನ್ನು ಅಳೆಯಿಸಿದರೆ ಒಂದು 0.56 ಮಿ.ಮೀ., ಇನ್ನೊಂದು 0.70 ಮಿ.ಮೀ. ಇವರಲ್ಲಿ ಮೋಸ ಮಾಡುತ್ತಿರುವವರು ಯಾರು?
– ರೈತರೊಬ್ಬರು, ಜಮಖಂಡಿ

ಉತ್ತರ: ಇಬ್ಬರೂ ಪ್ರಾಮಾಣಿಕರಾಗಿರಬಹುದು. ಗೇಜ್ ಎಂಬುದು ಅಳತೆಯಲ್ಲ, ಒಂದು ಕೋಷ್ಟಕದಲ್ಲಿರುವ ಸಾಲಿನ ಸಂಖ್ಯೆ. ಯಾವ ಕೋಷ್ಟಕ ಎಂದು ಹೇಳದೆ ಸಂಖ್ಯೆಯನ್ನಷ್ಟೇ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಬ್ರಿಟನ್ 1884ರಲ್ಲಿ ಜಾರಿಗೆ ತಂದ ಎಸ್.ಡಬ್ಲ್ಯು.ಜಿ. (ಸ್ಟ್ಯಾಂಡರ್ಡ್ ವೈರ್ ಗೇಜ್) ಕೋಷ್ಟಕದಲ್ಲಿ 24 ಎಂದರೆ 0.56 ಮಿ.ಮೀ. ಅಮೆರಿಕದ ಉಕ್ಕಿನ ಕೋಷ್ಟಕದಲ್ಲಿ ಅದೇ 24 ಎಂದರೆ 0.61. ಅವರದೇ ಸತು ಲೇಪಿತ ತಗಡಿನ ಕೋಷ್ಟಕದಲ್ಲಿ, ಲೇಪನವನ್ನೂ ಸೇರಿಸಿ 0.70. ಅಲ್ಯೂಮಿನಿಯಂಗೆ ಬಂದರೆ 0.51ಕ್ಕೆ ಇಳಿಯುತ್ತದೆ. ನಿಮ್ಮ ಇಬ್ಬರು ಮಾರಾಟಗಾರರ ಕೈಯಲ್ಲಿ ಎರಡು ಬೇರೆ ಕೋಷ್ಟಕಗಳಿರುವಂತೆ ಕಾಣುತ್ತದೆ.

ಈ ಗೊಂದಲದ ಬೆಲೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ತಗಡಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉಕ್ಕಿನ ಪೆಟ್ಟಿಗೆಗಳಿಗೆ ನಲವತ್ತು ಅಲ್ಯೂಮಿನಿಯಂ ಮುಚ್ಚಳ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. 18 ಗೇಜ್ ಎಂದರೆ 1.2 ಮಿ.ಮೀ. ಎಂದೇ ಲೆಕ್ಕ ಹಾಕಿ ಹೊರ ಅಳತೆಗೆ ಬಗ್ಗಿಸಿದೆ. ಬಂದಿದ್ದ ಅಲ್ಯೂಮಿನಿಯಂ 18 ಗೇಜ್ 1.02 ಮಿ.ಮೀ. ಇತ್ತು. ಎರಡು ಬದಿಯ ದಪ್ಪದ ಕೊರತೆ ಸೇರಿ ಒಳ ಅಳತೆ ಸುಮಾರು 0.4 ಮಿ.ಮೀ. ಹಿಗ್ಗಿತು. ನಲವತ್ತೂ ಮುಚ್ಚಳಗಳು ಅಲುಗಾಡಿದವು. ಕಳೆದುಹೋದ ಆ ಮಾಲು, ಆ ಎರಡು ದಿನಗಳ ದುಡಿಮೆ ಇಂದಿಗೂ ಮನಸ್ಸಿನಲ್ಲಿವೆ. ಅಂದಿನಿಂದ ನಾನು ಬರೆದ ಯಾವ ಆರ್ಡರಿನಲ್ಲೂ ಬರೀ ಗೇಜ್ ಇಲ್ಲ.

ನೀವು ಮಾಡಬೇಕಾದುದು ಇಷ್ಟು. ಇಬ್ಬರಿಂದಲೂ ಮಿಲಿಮೀಟರ್‌ನಲ್ಲಿ ಬರೆಸಿಕೊಳ್ಳಿ, ಬಿಲ್ಲಿನಲ್ಲೂ ಅದೇ ಇರಲಿ. ಮಾಲು ಬಂದ ದಿನ ತೂಕ ಮಾಡಿಸಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಉಕ್ಕಿನ ತಗಡು ಒಂದು ಮಿ.ಮೀ. ದಪ್ಪಕ್ಕೆ 23.3 ಕಿಲೋ ತೂಗುತ್ತದೆ. ಹಾಗಾಗಿ ಒಂದು ಹಾಳೆಯ ತೂಕವನ್ನು 23.3ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. 0.56ರ ಹಾಳೆ ಸುಮಾರು 13 ಕಿಲೋ, 0.70ರದ್ದು 16 ಕಿಲೋ ದಾಟಬೇಕು. ದಪ್ಪ ಅಳೆಯುವ ಮೈಕ್ರೋಮೀಟರ್ ಇಲ್ಲದ ಊರಿನಲ್ಲೂ ತಕ್ಕಡಿ ಇರುತ್ತದೆ. ದರವನ್ನೂ ಕಿಲೋ ಲೆಕ್ಕಕ್ಕೆ ತಂದು ಹೋಲಿಸಿ. ಆಗ ದುಬಾರಿ ಎನಿಸಿದ್ದೇ ಅಗ್ಗವಾಗಿ ಕಾಣಬಹುದು. ಜೋಳದ ಭಾರ ಗೋಡೆಯನ್ನು ಹೊರಕ್ಕೆ ಒತ್ತುತ್ತಲೇ ಇರುತ್ತದೆ, ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ 0.70 ಅನ್ನೇ ಆರಿಸುತ್ತಿದ್ದೆ.

ಪ್ರಶ್ನೆ: ಸಂಖ್ಯೆ ಹೆಚ್ಚಿದಂತೆ ತಗಡು ತೆಳುವಾಗುವುದೇಕೆ? ನಮ್ಮ ತರಗತಿಯಲ್ಲಿ ಎಲ್ಲರೂ ಇದನ್ನು ತಿರುಗಾಮುರುಗಾ ಹೇಳುತ್ತೇವೆ.
– ಐ.ಟಿ.ಐ. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಗೇಜ್ ಹುಟ್ಟಿದ್ದು ತಂತಿ ಎಳೆಯುವವರ ಕೈಯಲ್ಲಿ. ದಪ್ಪ ಸರಳನ್ನು ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಎಳೆಯುತ್ತಾ ಹೋಗುತ್ತಿದ್ದರು. ಹೆಚ್ಚು ಬಾರಿ ಎಳೆದಷ್ಟೂ ಎಳೆ ಸಣ್ಣದಾಗುತ್ತಿತ್ತು, ಎಣಿಕೆ ದೊಡ್ಡದಾಗುತ್ತಿತ್ತು. ಆ ಎಣಿಕೆಯ ರೂಢಿಯೇ ತಗಡಿಗೂ ಬಂದಿತು. ಸೇವಿಗೆ ಒತ್ತುವುದನ್ನು ನೋಡಿದ್ದರೆ ತೂತು ಕಿರಿದಾದಂತೆ ಎಳೆ ಸಣ್ಣದಾಗುವುದು ಕಣ್ಣಿಗೆ ಕಟ್ಟುತ್ತದೆ. ಅಳೆಯುವಾಗ ಒಂದು ಎಚ್ಚರ: ಕತ್ತರಿಸಿದ ಅಂಚಿನಲ್ಲಿ ಚೂಪು ಎದ್ದಿರುತ್ತದೆ, ಅದರ ಮೇಲೆ ಮೈಕ್ರೋಮೀಟರ್ ಹಿಡಿದರೆ ದಪ್ಪ ಹೆಚ್ಚು ತೋರುತ್ತದೆ. ಅಂಚಿನಿಂದ ಒಳಗೆ ಸರಿದು ಮೂರ್ನಾಲ್ಕು ಕಡೆ ನೋಡಿ. ಬಣ್ಣ ಬಳಿದಿದ್ದರೆ ಮೊದಲು ಕೆರೆದು ತೆಗೆಯಿರಿ.

ಪ್ರಶ್ನೆ: ಕಪಾಟಿಗೆ 20 ಗೇಜ್ ಬೇಡ, 22 ಸಾಕು, ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ ಎನ್ನುತ್ತಾರೆ ಅಂಗಡಿಯವರು. ನಿಜವೇ?
– ಗೃಹಿಣಿ, ವಿಜಯಪುರ

ಉತ್ತರ: ಬ್ರಿಟಿಷ್ ಕೋಷ್ಟಕದಲ್ಲಿ 20 ಎಂದರೆ 0.91 ಮಿ.ಮೀ., 22 ಎಂದರೆ 0.71. ವ್ಯತ್ಯಾಸ 0.2 ಮಿ.ಮೀ. ಮಾತ್ರ ಎಂಬುದು ಸರಿ. ಆದರೆ ಅದನ್ನು ಕೂದಲೆಳೆ ಎಂದು ತಳ್ಳಿಹಾಕುವುದು ತಪ್ಪು, ತಾಯಿ. ತಗಡು ಬಾಗದೆ ನಿಲ್ಲುವ ಬಿಗಿತ ದಪ್ಪದ ಘನಕ್ಕೆ, ಅಂದರೆ ದಪ್ಪ × ದಪ್ಪ × ದಪ್ಪಕ್ಕೆ, ತಕ್ಕಂತೆ ಏರುತ್ತದೆ. ಈ ಲೆಕ್ಕದಲ್ಲಿ 0.91ರ ಹಾಳೆ 0.71ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಿಗಿ. ಹಿಂಬದಿಗೆ, ಒಳಗಿನ ಅಡ್ಡಗೋಡೆಗೆ 0.71 ನಡೆಯುತ್ತದೆ. ಬಾಗಿಲಿಗೆ ಮಾತ್ರ 0.9ಕ್ಕಿಂತ ಕಡಿಮೆ ಒಪ್ಪಬೇಡಿ. ಅಂಗಡಿಯಲ್ಲಿ ಬಾಗಿಲಿನ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಹೋಗಿ ‘ಟಕ್’ ಎಂದು ಮರಳಿ ಬಂದರೆ, ಅದೇ ಕಪಾಟಿನ ದಪ್ಪ ತಗಡಿನ ಬಾಗಿಲು ತೋರಿಸಲು ಹೇಳಿ.